ಶಿರಾ ಕೋಟೆ ತೋರಿಸುವಾಗ ಮಲಿಕ್ ಅಂಬರನ ಹೆಸರನ್ನೂ ಹೇಳಿ

ಕಳೆದ ತಿಂಗಳು ತುಮಕೂರಿನಿಂದ ಶಿರಾಕ್ಕೆ ಬಸ್ಸಿನಲ್ಲಿ ಬರ್ತಿದ್ದೆ. ಕಿಟಕಿ ಪಕ್ಕ ಆಫ್ರಿಕಾದ ಹುಡುಗನೊಬ್ಬ ಕೂತಿದ್ದ. ಅವನ ಪಕ್ಕದ ಸೀಟು ಖಾಲಿ, ಆದರೂ ನಿಂತಿದ್ದವರು ಯಾರೂ ಕೂರಲಿಲ್ಲ. ಹಿಂದಿನ ಸೀಟಿನವರು ಅವನ ಬಣ್ಣದ ಮೇಲೆ ಜೋಕು ಹೊಡೆದು, ಕದ್ದು ಫೋಟೊ ತೆಗೆದರು. ನಾನು ಸುಮ್ಮನಿದ್ದೆ. ಊರಿನ ಅನ್ಯಾಯವನ್ನೆಲ್ಲ ಬರೆಯುವವನಿಗೆ ಎದ್ದು ಹೋಗಿ ಅವನ ಪಕ್ಕ ಕೂರೋಕಾಗಲಿಲ್ಲ.

ಆ ಬಸ್ಸು ಹೊರಟಿದ್ದ ಶಿರಾದ ಚರಿತ್ರೆಗೂ ಆಫ್ರಿಕಾದ ಒಬ್ಬನಿಗೂ ನಂಟಿದೆ. ಅವನು ಮಲಿಕ್ ಅಂಬರ್.

ಹುಟ್ಟಿದ್ದು ಇಥಿಯೋಪಿಯಾದಲ್ಲಿ, 1548ರ ಸುಮಾರಿಗೆ. ಚಿಕ್ಕವನಿದ್ದಾಗಲೇ ಗುಲಾಮನಾಗಿ ಮಾರಾಟವಾದ. ಕೈಯಿಂದ ಕೈಗೆ ದಾಟಿ, ಬಾಗ್ದಾದ್ ಕಂಡು, ಕೊನೆಗೆ ದಖ್ಖನಿಗೆ ಬಂದ. ಇಲ್ಲಿ ಅವನನ್ನು ಕೊಂಡ ಅಹಮದ್‌ನಗರದ ಪೇಶ್ವೆ ಚಂಗೀಜ್ ಖಾನ್ ಕೂಡ ಹಬಶಿ, ಅಂದರೆ ಅದೇ ನೆಲದ ಮೂಲದವನು. ಯಜಮಾನ ಸತ್ತ ಮೇಲೆ ಅಂಬರ್ ಸ್ವತಂತ್ರನಾಗಿ ಸಿಪಾಯಿಯಾದ. ಕೆಲಕಾಲ ನಮ್ಮ ಬಿಜಾಪುರದ ಸುಲ್ತಾನರ ಹತ್ತಿರವೂ ಚಾಕರಿ ಮಾಡಿದ.

1600ರಲ್ಲಿ ಮೊಗಲರು ಅಹಮದ್‌ನಗರದ ಕೋಟೆ ಹಿಡಿದರು. ಆಗ ಅಂಬರ್ ರಾಜಮನೆತನದವನೊಬ್ಬನನ್ನು ಹುಡುಕಿ ಗದ್ದುಗೆಗೆ ಕೂರಿಸಿ, ಮಗಳನ್ನೂ ಕೊಟ್ಟು, ರಾಜ್ಯವನ್ನು ತಾನೇ ನಡೆಸಿದ. ತಾನು ಸುಲ್ತಾನ ಅಂತ ಹೇಳಿಕೊಳ್ಳಲಿಲ್ಲ. 1626ರಲ್ಲಿ ಸಾಯುವಾಗ ಎಂಬತ್ತರ ಹತ್ತಿರದ ಮುದುಕ, ಅಧಿಕಾರ ಆಗಲೂ ಅವನ ಕೈಯಲ್ಲೇ ಇತ್ತು.

ಬಯಲಿನಲ್ಲಿ ನಿಂತು ಕಾದಾಡದೆ ಬೆಟ್ಟ, ಕಣಿವೆಗಳಿಂದ ನುಗ್ಗಿ ಶತ್ರುವಿನ ದವಸ-ಧಾನ್ಯದ ದಾರಿ ಕಡಿಯುವುದು ಅವನ ವರಸೆ. ಮಧುಗಿರಿ, ಪಾವಗಡದ ಬೆಟ್ಟ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಾದಶಹ ಜಹಾಂಗೀರನಿಗೆ ಅವನ ಮೇಲೆ ಎಷ್ಟು ಸಿಟ್ಟೆಂದರೆ, ಅಂಬರನ ಕಡಿದ ತಲೆಗೆ ತಾನು ಬಾಣ ಬಿಡುತ್ತಿರುವ ಹಾಗೆ ಚಿತ್ರ ಬರೆಸಿಕೊಂಡ. ಚಿತ್ರದಲ್ಲಷ್ಟೇ ಆದದ್ದು ಅದು!

ನನಗೆ ಯುದ್ಧಕ್ಕಿಂತ ದೊಡ್ಡದಾಗಿ ಕಾಣುವುದು ನೀರಿನ ಕೆಲಸ. ಮುಂದೆ ಔರಂಗಾಬಾದ್ ಅನ್ನಿಸಿಕೊಂಡ ಖಡ್ಕಿ ಊರನ್ನು 1610ರಲ್ಲಿ ಕಟ್ಟಿ, ನೆಲದಡಿಯ ಕಾಲುವೆಯಲ್ಲಿ ನೀರು ತಂದ. ಬೇಸಿಗೆಯಲ್ಲಿ ಟ್ಯಾಂಕರ್ ಕಾಯುವ ಪಾವಗಡ, ಕೊರಟಗೆರೆಯವರಿಗೆ ಅದರ ಬೆಲೆ ಗೊತ್ತು.

ಇನ್ನು ಶಿರಾದ ನಂಟು. 1624ರಲ್ಲಿ ಭಾತವಾಡಿಯಲ್ಲಿ ಅಂಬರ್ ಮೊಗಲರನ್ನೂ ಬಿಜಾಪುರದವರನ್ನೂ ಒಟ್ಟಿಗೆ ಸೋಲಿಸಿದಾಗ ಅವನ ಪಡೆಯಲ್ಲಿ ಒಬ್ಬ ಮರಾಠ ಸರದಾರನಿದ್ದ: ಶಹಾಜಿ, ಶಿವಾಜಿಯ ತಂದೆ. ಮುಂದೆ ಶಹಾಜಿ ಬಿಜಾಪುರದ ಕಡೆ ಸೇರಿ, ರಣದುಲ್ಲಾ ಖಾನನ ಜೊತೆ ನಮ್ಮ ಸೀಮೆಗೆ ದಂಡೆತ್ತಿ ಬಂದ. ಶಿರಾ ನಾಯಕರ ಕೈತಪ್ಪಿದ್ದು ಆಗಲೇ. ಬೆಂಗಳೂರು, ಕೋಲಾರ, ದೊಡ್ಡಬಳ್ಳಾಪುರದ ಜೊತೆ ಶಿರಾವೂ ಶಹಾಜಿಯ ಜಹಗೀರಿಗೆ ಸೇರಿತು. ಗುಲಾಮನಾಗಿ ಬಂದ ಆಫ್ರಿಕಾದವನ ಕೈಕೆಳಗೆ ಕತ್ತಿ ಹಿಡಿದಿದ್ದವನು ನಮ್ಮೂರಿನ ಜಹಗೀರುದಾರನಾದ.

ಇದೆಲ್ಲ ಹಳೇ ಕಥೆ, ಈಗ್ಯಾಕೆ ಅನ್ನಬೇಡಿ. 2016ರ ಜನವರಿ 31ರಂದು ಬೆಂಗಳೂರಿನ ಹೆಸರಘಟ್ಟ ಕಡೆ ಗುಂಪೊಂದು ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಹೊಡೆಯಿತು. ಅಪಘಾತ ಮಾಡಿದ್ದು ಸುಡಾನಿನ ಬೇರೊಬ್ಬ. ಬಣ್ಣ ಒಂದೇ ಅಂತ ಈ ಹುಡುಗಿಗೆ ಏಟು ಬಿತ್ತು. ಇತ್ತ ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಕನ್ನಡ ಮಾತಾಡುವ ಸಿದ್ದಿಗಳಿದ್ದಾರೆ, ಅವರ ಹಿರೀಕರೂ ಆಫ್ರಿಕಾದವರೇ. ಆ ಸಮುದಾಯದ ಶಾಂತಾರಾಮ ಸಿದ್ದಿ 2020ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಅವರನ್ನೂ ನಮ್ಮ ಬಸ್ಸಿನಲ್ಲಿ ‘ಯಾವ ದೇಶದೋನಪ್ಪ ಇವನು’ ಅಂತ ಕೇಳೋ ಜನ ನಾವು.

ಶಿರಾ ಕೋಟೆಗೆ ಮಕ್ಕಳನ್ನು ಕರಕೊಂಡು ಬರುವ ಮೇಷ್ಟ್ರುಗಳು ಶಹಾಜಿಯ ಹೆಸರು ಹೇಳಿದಾಗ, ಅವನು ಮೊದಲು ಯಾರ ಪಡೆಯಲ್ಲಿದ್ದ ಅನ್ನೋದನ್ನೂ ಹೇಳಲಿ. ಐದು ನಿಮಿಷದ ಮಾತು.