ಗೋಡೆಗೇರಿದ ಯುದ್ಧ, ಗೋಡೆಗೇರದ ಯುದ್ಧ

ಶ್ರೀರಂಗಪಟ್ಟಣಕ್ಕೆ ಪ್ರವಾಸ ಬರುವ ಶಾಲಾ ಮಕ್ಕಳು ದರಿಯಾ ದೌಲತ್ತಿನ ಪಶ್ಚಿಮ ಗೋಡೆಯ ಮುಂದೆ ಹೆಚ್ಚೆಂದರೆ ಎರಡು ನಿಮಿಷ ನಿಲ್ಲುತ್ತಾರೆ. ಅಷ್ಟರಲ್ಲಿ ‘ಸಾಲು ಬಿಡಬೇಡಿ, ನಡೀರಿ’ ಎಂಬ ಮೇಷ್ಟರ ಕೂಗು ಕೇಳುತ್ತದೆ. ಆ ಗೋಡೆಗೆ ಅರ್ಧ ಗಂಟೆಯಾದರೂ ಕೊಡಬೇಕು.

ಈ ಬೇಸಿಗೆ ಅರಮನೆ 1784ರದು. ಗೋಡೆಯ ಮೇಲಿರುವುದು 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಳ್ಳಿಲೂರಿನಲ್ಲಿ ನಡೆದ ಕದನ. ಅಂದು ಹೈದರ್ ಅಲಿ ಮತ್ತು ಟಿಪ್ಪುವಿನ ಸೇನೆ ಇಂಗ್ಲಿಷರ ಕರ್ನಲ್ ಬೇಲಿಯನ್ನು ಸೋಲಿಸಿ ಸೆರೆಹಿಡಿಯಿತು. ಚಿತ್ರದಲ್ಲಿ ಇಂಗ್ಲಿಷರ ಸಿಪಾಯಿಗಳು ಚೌಕಾಕಾರವಾಗಿ ನಿಂತಿದ್ದಾರೆ. ನಡುವೆ ಪಲ್ಲಕ್ಕಿಯಲ್ಲಿ ಬೇಲಿ. ಅಲ್ಲೇ ಮದ್ದಿನ ಬಂಡಿ ಬೆಂಕಿ ತಗುಲಿ ಸಿಡಿಯುತ್ತಿದೆ.

ವಿಜ್ಞಾನದ ವಿದ್ಯಾರ್ಥಿಗಳು ಈ ಬಂಡಿಯನ್ನು ಗಮನಿಸಬೇಕು. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದ ಮದ್ದು ಬಂಡಿಯಲ್ಲಿ ಹೊತ್ತಿದರೆ ಬಿಸಿ ಅನಿಲ ನಾಲ್ಕೂ ದಿಕ್ಕಿಗೆ ನುಗ್ಗುತ್ತದೆ, ಬಂಡಿ ಚೂರಾಗುತ್ತದೆ. ಇಂಥದೇ ಮದ್ದನ್ನು ಒಂದು ತುದಿ ಮುಚ್ಚಿದ ಕೊಳವೆಯಲ್ಲಿ ಗಿಡಿದು ಹೊತ್ತಿಸಿದರೆ ಅನಿಲಕ್ಕೆ ಹಿಂದಕ್ಕೆ ಮಾತ್ರ ದಾರಿ. ಕೊಳವೆ ಮುಂದಕ್ಕೆ ಹಾರುತ್ತದೆ. ನ್ಯೂಟನ್ನನ ಮೂರನೆಯ ನಿಯಮ. ದೀಪಾವಳಿಯ ಕಾಗದದ ಕೊಳವೆ ಹೆಚ್ಚು ಒತ್ತಡ ತಾಳದು. ಮೈಸೂರು ಸೇನೆಯ ರಾಕೆಟ್ಟಿಗಿದ್ದುದು ಕಬ್ಬಿಣದ ಕೊಳವೆ, ಅದಕ್ಕೆ ಕಟ್ಟಿದ ಬಿದಿರ ಗಳು. ಒತ್ತಡ ತಾಳುವ ಕೊಳವೆಯಾದ್ದರಿಂದ ಹಾರಾಟವೂ ದೂರ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಹಾಳುಬಾವಿಯೊಂದರಲ್ಲಿ ಇಂಥ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ತುಕ್ಕು ಹಿಡಿದ ಸ್ಥಿತಿಯಲ್ಲಿ ಸಿಕ್ಕವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಲ್ಲಿನವು ಇಂಗ್ಲೆಂಡಿಗೆ ಹೋದವು. ವಿಲಿಯಂ ಕಾಂಗ್ರೀವ್ ಅವುಗಳ ಮಾದರಿಯಿಂದ ಹೊರಟು ತನ್ನ ರಾಕೆಟ್ಟುಗಳನ್ನು ಮಾಡಿದ.

ಇಷ್ಟಾದರೂ ಚಿತ್ರ ಎಲ್ಲವನ್ನೂ ಹೇಳುವುದಿಲ್ಲ. ಪಕ್ಕದ ಪಾಂಡವಪುರ ತಾಲ್ಲೂಕಿನ ಚಿನಕುರಳಿಯಲ್ಲಿ 1771ರಲ್ಲಿ ಹೈದರ್ ಮರಾಠರಿಗೆ ಸೋತ. ಸೇನೆ ಚೆಲ್ಲಾಪಿಲ್ಲಿಯಾಯಿತು, ಹೈದರ್ ಶ್ರೀರಂಗಪಟ್ಟಣದ ಕೋಟೆ ಸೇರಿದ. ಪೊಳ್ಳಿಲೂರಿಗಿಂತ ಎಷ್ಟೋ ಹತ್ತಿರದ ಈ ಕದನಕ್ಕೆ ಗೋಡೆಯಲ್ಲಿ ಜಾಗವಿಲ್ಲ. ಸೋಲನ್ನು ಯಾವ ದೊರೆ ತಾನೇ ಬರೆಸುತ್ತಾನೆ? ಆದರೂ ಒಂದು ವಿಚಿತ್ರವುಂಟು: ಇಂಗ್ಲಿಷರ ಸೋಲಿನ ಈ ಚಿತ್ರ ಮಾಸಿದಾಗ 1850ರ ದಶಕದಲ್ಲಿ ಅದಕ್ಕೆ ಮತ್ತೆ ಬಣ್ಣ ಹಚ್ಚಿಸಿದವನು ಇಂಗ್ಲಿಷರ ಗವರ್ನರ್ ಜನರಲ್ ಡಾಲ್‌ಹೌಸಿ.

ಗೆದ್ದದ್ದನ್ನು ಗೋಡೆಗೇರಿಸುವ ಪದ್ಧತಿ ಹಳೆಯದು. ಕ್ರಿ.ಪೂ. 490ರಲ್ಲಿ ಪರ್ಷಿಯನ್ನರನ್ನು ಮ್ಯಾರಥಾನ್ ಬಯಲಿನಲ್ಲಿ ಸೋಲಿಸಿದ ಗ್ರೀಸಿನ ಅಥೆನ್ಸ್ ನಗರದವರು ಆ ಕದನವನ್ನು ಸಂತೆಚೌಕದ ಮಂಟಪವೊಂದರಲ್ಲಿ ಚಿತ್ರಿಸಿದರು. ಆ ಚಿತ್ರ ಇಂದು ಉಳಿದಿಲ್ಲ. ಅದೇ ಕದನದಲ್ಲಿ ಹೋರಾಡಿದ್ದ ಈಸ್ಕಿಲಸ್ ಕ್ರಿ.ಪೂ. 472ರಲ್ಲಿ ‘ಪರ್ಷಿಯನ್ನರು’ ಎಂಬ ನಾಟಕ ಆಡಿಸಿದ. ಅದರಲ್ಲಿ ಗೆದ್ದ ಗ್ರೀಕರ ಸಂಭ್ರಮವಿಲ್ಲ. ಎಂಟು ವರ್ಷ ಹಿಂದಿನ ಸಲಾಮಿಸ್ ಸಮುದ್ರ ಕದನದ ಸೋಲಿನ ಸುದ್ದಿ ಶತ್ರುವಿನ ಅರಮನೆಗೆ ಮುಟ್ಟಿದಾಗ ರಾಜಮಾತೆ ಪಟ್ಟ ಸಂಕಟವಿದೆ. ಆ ನಾಟಕ ಮಾತ್ರ ಉಳಿದಿದೆ.

ಸತ್ತವರ ಲೆಕ್ಕ ಇಡುವ ರೂಢಿ ನಮ್ಮಲ್ಲೂ ಇದೆ, ಅರಮನೆಯಲ್ಲಲ್ಲ, ಊರ ಮುಂದೆ. ಕೆ.ಆರ್. ಪೇಟೆ, ನಾಗಮಂಗಲ ಕಡೆಯ ಹಳ್ಳಿಗಳ ವೀರಗಲ್ಲುಗಳನ್ನು ನೋಡಬಹುದು. ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಕೆ. ಕೆಳಗೆ ಕಾದಾಟ, ಎಷ್ಟೋ ವೇಳೆ ದನ ಬಿಡಿಸಿಕೊಳ್ಳಲು. ನಡುವೆ ಅಪ್ಸರೆಯರು ಕರೆದೊಯ್ಯುವ ವೀರ. ಮೇಲೆ ಲಿಂಗದ ಮುಂದೆ ಕುಳಿತ ಅದೇ ವೀರ. ಅವನು ದೊರೆಯಲ್ಲ, ಊರಿನವನೊಬ್ಬನ ಮಗ. ಅವನ ಕಡೆಯವರು ಗೆದ್ದರೋ ಸೋತರೋ ಎಂಬುದು ಕೆತ್ತನೆಯಿಂದ ತಿಳಿಯುವುದಿಲ್ಲ. ಹಲವು ಕಲ್ಲುಗಳಲ್ಲಿ ಹೆಸರೂ ಇಲ್ಲ. ಕೆಲವು ಬಟ್ಟೆ ಒಗೆಯುವ ಕಲ್ಲಾಗಿವೆ, ಕೆಲವಕ್ಕೆ ಎಣ್ಣೆ ಕುಂಕುಮ ಸಲ್ಲುತ್ತದೆ. ಎಷ್ಟೋ ಕಡೆ ಕೆಳಗಿನ ಪಟ್ಟಿಕೆ ಮಣ್ಣಿನಲ್ಲಿ ಹೂತುಹೋಗಿರುತ್ತದೆ. ಕಾದಾಟ ಇರುವುದು ಅಲ್ಲೇ. ನೋಡಬೇಕಾದರೆ ಮಕ್ಕಳು ಹುಲ್ಲು ಸರಿಸಿ ನೆಲದಲ್ಲಿ ಕೂರಬೇಕು.