ಬಂದವ್ರೆಲ್ಲಾ ಕೈ ಹಚ್ಚಬ್ಯಾಡ್ರಿ

ಯಾರರೆ ಎಚ್ಚರ ತಪ್ಪಿ ಬಿದ್ರು ಅಂದ್ರ ನಮ್ಮ ಕಡೆ ಮಂದಿ ಓಡಿ ಬರ್ತಾರ, ಅದರಾಗ ಎರಡು ಮಾತಿಲ್ಲ. ಆದ್ರ ಓಡಿ ಬಂದದ್ದೆಲ್ಲಾ ಉಪಕಾರ ಅಂತ ಒಪ್ಪಲಿಕ್ಕೆ ನಾ ತಯಾರಿಲ್ಲ. ಮದವಿ ಮನ್ಯಾಗ ಒಂದ ಒಲಿ ಮುಂದ ಎಂಟು ಮಂದಿ ಹೆಣ್ಣಮಕ್ಕಳು ನಿಂತ್ರ ಏನಾಗ್ತದ ನಿಮಗೂ ಗೊತ್ತದ. ಸಾರಿಗೆ ಮೂರು ಸಲ ಉಪ್ಪು ಬಿದ್ದಿರ್ತದ, ಇಲ್ಲಾ ಒಬ್ಬರೂ ಹಾಕಿರಂಗಿಲ್ಲ. ಸಾರಾದ್ರ ನೀರು ಬೆರಸಿ ಸುಧಾರಸಬಹುದು. ಜೀವಕ್ಕ ಏನ ಬೆರಸ್ತೀರಿ?

ನಮ್ಮ ಓಣಿ ಹುಡುಗ್ರು ವಾಟ್ಸಾಪಿನ್ಯಾಗ ಒಂದು ಗುಂಪು ಮಾಡ್ಯಾರ. ಯಾರಿಗರೆ ಆರಾಮ ತಪ್ಪಿದ್ರ ಒಂದು ಮೆಸೇಜ್ ಹಾಕ್ರಿ, ನಾವು ಬರ್ತೀವಿ ಅಂತ. ಭಾಳ ಛಲೋ ವಿಚಾರ. ಮುಂದ ನಡದದ್ದು ಕೇಳ್ರಿ. ಹಿಂದಿನ ಮನಿ ಕಾಕಾ ಅವರಿಗೆ ಒಂದಿನ ಮುಂಜಾನೆ ಬಾಯಿ ಸೊಟ್ಟ ಆಗಿ ಎಡಗೈ ಸ್ವಾಧೀನ ತಪ್ಪಿತು. ಹತ್ತು ನಿಮಿಷದಾಗ ಹದಿನಾರು ಹುಡುಗ್ರು, ಹನ್ನೊಂದು ಬೈಕು. ಒಬ್ಬಾಂವ ನೀರು ಕುಡಸಲಿಕ್ಕೆ ಹೋದ, ಒಬ್ಬಾಂವ ಬ್ಯಾಡ ಅಂತ ಜಗಳಕ್ಕ ನಿಂತ, ಮತ್ತೊಬ್ಬ ಪಾದಾ ತಿಕ್ಕಲಿಕ್ಕೆ ಕೂತ. 108ಕ್ಕ ಫೋನ್ ಯಾರು ಮಾಡೀರಿ ಅಂದ್ರ ಒಬ್ಬರ ಮಾರಿ ಒಬ್ಬರು ನೋಡ್ತಾರ! ಕಡೀಕೆ ಕಾಕೂನ ಮಾಡಿದ್ರು. ಆಂಬುಲೆನ್ಸ್ ಬಂತು, ಓಣಿ ತುಂಬ ನೆರವಿಗೆ ಬಂದವರ ಬೈಕ ನಿಂತಿದ್ವು. ಸ್ಟ್ರೆಚರ್ ಹೊತಗೊಂಡು ಮೂಲಿ ತನಕ ನಡೀಬೇಕಾತು.

ಕಾಕಾ ಉಳದಾರ. ಎಡಗೈ ಇನ್ನೂ ಎತ್ತಲಿಕ್ಕೆ ಬರಂಗಿಲ್ಲ. ತಡಾ ಆಗಿದ್ದಕ್ಕ ಹಂಗಾತು ಅಂತ ನಾ ಹೇಳಂಗಿಲ್ಲ, ಅದು ಡಾಕ್ಟರ್ ಹೇಳೂ ಮಾತು. ಆದ್ರ ಲಕ್ವಾದಾಗ ರಕ್ತದ ಗಡ್ಡಿ ಕರಗಸೂ ಇಂಜೆಕ್ಷನ್ ಸಾಮಾನ್ಯವಾಗಿ 4.5 ತಾಸಿನೊಳಗ ಕೊಡಬೇಕು, ಎಷ್ಟು ಲಗೂನೋ ಅಷ್ಟು ಛಲೋ. ಬೈಕ್ ಸರಸೂದರಾಗ ಹೋದ ನಿಮಿಷ ಯಾರು ತಿರುಗಿ ಕೊಡ್ತಾರ?

ಖರೇ ಅಂದ್ರ ಎಷ್ಟು ಮಂದಿ ಬೇಕು? ಎದಿಬಡಿತನ ನಿಂತದ ಅಂತ ತಿಳೀರಿ, ಅದಕ್ಕಿಂತ ದೊಡ್ಡದು ಯಾವುದದ. ಒಬ್ಬರು ಎದಿ ಒತ್ತಬೇಕು, ನಿಮಿಷಕ್ಕ 100ರಿಂದ 120 ಸಲ, ಐದು ಸೆಂಟಿಮೀಟರ್ ಆಳ ಇಳಿಯೂಹಂಗ. ಎರಡು ನಿಮಿಷಕ್ಕ ಕೈ ಸೋಲ್ತಾವ, ಬದಲಿಗೆ ಇನ್ನೊಬ್ಬರು. ಫೋನಿಗೆ ಒಬ್ಬರು. ಮೂಲಿಗೆ ನಿಂತು ದಾರಿ ತೋರಸಲಿಕ್ಕೆ ಒಬ್ಬರು. ಗುಳಿಗಿ, ಡಾಕ್ಟರ್ ಚೀಟಿ ಹುಡುಕಿ ಕೊಡಲಿಕ್ಕೆ ಒಬ್ಬರು. ಐದಾತು. ಆರನೇದಾಂವ ಏನ ಮಾಡ್ತಾನ? ವಿಡಿಯೊ ತಗೀತಾನ. ಅವತ್ತ ಕಾಕೂನ ಒಲಿ ಮ್ಯಾಲೆ ಹಾಲು ಉಕ್ಕಿ ಉರಿ ಆರಿತ್ತು, ಗ್ಯಾಸ್ ಹಂಗ ಸೋರ್ತಿತ್ತು. ಹದಿನಾರು ಮಂದ್ಯಾಗ ಒಬ್ಬಾಂವರೆ ಅಡಗಿಮನಿಗೆ ಹಣಿಕಿ ಹಾಕಿದ್ದಿಲ್ಲ.

ಮಂದಿ ಹೆಚ್ಚಾದ್ರ ಬರೇ ಗದ್ದಲ ಅಲ್ಲ, ತಪ್ಪು ಔಷಧಾನೂ ಹೆಚ್ಚಾಗ್ತದ. ಫಿಟ್ಸ್ ಬಂದವರ ಕೈಯಾಗ ಕೀಲಿಕೈ ತುರಕೂದು, ಮೂಗಿಗೆ ಉಳ್ಳಾಗಡ್ಡಿ ಹಿಡಿಯೂದು, ಹಲ್ಲಿನ ನಡುವ ಚಮಚಾ. ಬಾಯಾಗ ಏನೂ ಇಡದ, ಗಟ್ಟಿ ಹಿಡೀದ, ಮಗ್ಗಲಕ್ಕ ಹೊರಳಿಸಿ ಗಡಿಯಾರ ನೋಡ್ಕೋತ ಕೂಡೂದು ಒಬ್ಬರ ಕೆಲಸ.

ಹಿಂಗ ಬರದ್ರ ನಾಳೆ ಯಾರೂ ಬರಂಗಿಲ್ಲ ಅಂತೀರಿ. ರಸ್ತೆ ಅಪಘಾತದಾಗ ಪೊಲೀಸ್ ಕಾಟಕ್ಕ ಅಂಜಿ ಮಂದಿ ದೂರ ಸರೀತಿದ್ರು, ನೆರವಾದವರನ್ನ ಪೀಡಿಸಬಾರದು ಅಂತ ಸುಪ್ರೀಂ ಕೋರ್ಟ್ 2016ರಾಗ ಹೇಳಬೇಕಾತು, ಅದೂ ಖರೆ. ಆದ್ರ ಹೈವೇದಾಗ ಬರೂವರಿಲ್ಲ ಅಂತ ಓಣ್ಯಾಗ ಹದಿನಾರು ಮಂದಿ ಬೇಕೇನು?

ನಾ ಗುಂಪಿನವರಿಗೆ ಹೇಳಿದ್ದು ಇಷ್ಟ. ವಾರಕ್ಕ ಐದು ಹೆಸರು ಪಾಳಿ ಹಚ್ರಿ. ಅವರಷ್ಟ ಬರಲಿ. ಬಂದು ಮುಟ್ಟಿದಾಂವ ‘ಸಾಕು’ ಅಂತ ಬರದ್ರ ಉಳದವ್ರು ಮನ್ಯಾಗ ಇರಲಿ. ಬೈಕು ಓಣಿ ಹೊರಗ. ಹುಡುಗ್ರು ಬ್ಯಾಸರ ಮಾಡ್ಕೋತಾರ ಅಂತಾರ ನಮ್ಮ ಮನಿಯವ್ರು. ಮಾಡ್ಕೊಳ್ಳಲಿ. ಸಂಜೀಕ ಚಹಾಕ್ಕ ಕರದು ಸಮಾಧಾನ ಮಾಡ್ತೀನಿ, ಹದಿನಾರು ಮಂದಿಗೂ.