ಕಟ್ಟವಿಲ್ಲದ ತೋಡುಗಳು

ಸುಗ್ಗಿ ತಿಂಗಳು ಮುಗಿಯುತ್ತ ಬಂದಿದೆ. ಬಿಸು ಹಬ್ಬಕ್ಕೆ ಹೆಚ್ಚು ದಿನಗಳಿಲ್ಲ. ಕಾಸರಗೋಡಿನ ಒಳನಾಡಿನಲ್ಲಿ ಒಂದೆರಡು ಎಕ್ರೆ ತೋಟವನ್ನೇ ನೆಚ್ಚಿಕೊಂಡಿರುವ ಸಣ್ಣ ಕೃಷಿಕರ ಮನೆಗಳಲ್ಲಿ ಇದು ಕೈಗೆ ಬಿಡುವಿಲ್ಲದ ಕಾಲ. ಅಂಗಳದಲ್ಲಿ ಹರಡಿದ ಅಡಿಕೆಯನ್ನು ಮಗುಚುತ್ತಿರಬೇಕು. ರಾತ್ರಿ ಬಾವಲಿಗಳು ಚೀಪಿ ಉದುರಿಸಿದ ಗೇರುಬೀಜಗಳನ್ನು ಬಿಸಿಲೇರುವ ಮೊದಲೇ ಗುಡ್ಡಕ್ಕೆ ಹೋಗಿ ಹೆಕ್ಕಬೇಕು. ಗುಜ್ಜೆ ಪಲ್ಯದ ದಿನಗಳು ಮುಗಿದು, ಹಲಸಿನಕಾಯಿ ಬಲಿತ ಮನೆಗಳಲ್ಲಿ ಹಪ್ಪಳದ ಕೆಲಸ ಆರಂಭವಾಗಿದೆ. ಕಕ್ಕೆ ಮರಗಳು ಎಲೆ ಕಳಚಿ ಹಳದಿ ಗೊಂಚಲುಗಳನ್ನು ಇಳಿಬಿಟ್ಟಿವೆ. ಕಾಟುಮಾವಿನ ಮರದ ಬುಡದಲ್ಲಿ ಮಕ್ಕಳು ಗಾಳಿಗಾಗಿ ಕಾಯುತ್ತಿದ್ದಾರೆ.

ನೋಡುವ ಕಣ್ಣಿಗೆ ಇದೆಲ್ಲವೂ ಚೆಂದವೇ. ಆದರೆ ತೋಟದ ಯಜಮಾನನ ಗಮನ ಇರುವುದು ಬೇರೆ ಕಡೆಗೆ. ಕೆರೆಯ ಬದಿಯ ಪಂಪು ನೀರೆಳೆಯುವ ಸದ್ದು ಬದಲಾಗಿ, ಗಾಳಿ ಎಳೆಯತೊಡಗುವುದು ಯಾವಾಗ ಎಂದು ಅವನು ಕಿವಿಗೊಟ್ಟು ಕುಳಿತಿರುತ್ತಾನೆ. ಕಳೆದ ವಾರ ಎರಡು ಗಂಟೆ ಓಡಿದ ಪಂಪು ಈ ವಾರ ಒಂದು ಗಂಟೆಗೇ ನಿಲ್ಲುತ್ತದೆ. ಬೇಸಗೆ ಬಂತೆಂದು ಅವನಿಗೆ ಖಚಿತವಾಗುವುದು ಆಗ.

ಅಡಿಕೆ ನೀರನ್ನು ಬೇಡುವ ಬೆಳೆ. ಹರಿನೀರಾವರಿಯಲ್ಲಾದರೆ ಮರವೊಂದಕ್ಕೆ ಒಂದು ಸರದಿಗೆ ಸುಮಾರು 175 ಲೀಟರ್ ನೀರು ಬೇಕೆಂದೂ, ಮಾರ್ಚಿನಿಂದ ಮೇ ತನಕ ಮೂರರಿಂದ ಐದು ದಿನಗಳಿಗೊಮ್ಮೆ ಉಣಿಸಬೇಕೆಂದೂ ತಜ್ಞರ ಶಿಫಾರಸಿದೆ. ಒಂಭತ್ತಡಿ ಅಂತರದಲ್ಲಿ ನೆಟ್ಟ ಒಂದು ಎಕ್ರೆಯಲ್ಲಿ ಸುಮಾರು 540 ಮರಗಳಿರುತ್ತವೆ. ಅಂದರೆ ಒಂದೇ ಸರದಿಗೆ 90 ಸಾವಿರ ಲೀಟರಿಗೂ ಮಿಕ್ಕಿ ನೀರು. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು, ಸರಿಸುಮಾರು ಅರ್ಧದಷ್ಟು ಉಳಿತಾಯ. ಆದರೆ ಅದಕ್ಕೂ ಮೂಲದಲ್ಲಿ ನೀರಿರಬೇಕಲ್ಲ! ಈಗ ತಪ್ಪಿದ ನೀರಿನಿಂದ ನಳ್ಳಿ ಉದುರಿ ಮುಂದಿನ ಫಸಲು ಕುಸಿಯುತ್ತದೆ. ಮರವೇ ಸತ್ತರೆ, ಹೊಸ ಸಸಿ ಫಲ ಕೊಡಲು ಐದಾರು ವರ್ಷ ಕಾಯಬೇಕು.

ವರ್ಷಕ್ಕೆ ಮೂರು ಸಾವಿರ ಮಿಲ್ಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಾಡಿನಲ್ಲಿ ಈ ಪಾಡೇಕೆ ಎಂದು ಹೊರಗಿನವರು ಕೇಳುವುದುಂಟು. ಆ ಮಳೆಯ ಬಹುಪಾಲು ಜೂನಿನಿಂದ ಸಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಮುರಕಲ್ಲಿನ ಗುಡ್ಡ ನೀರನ್ನು ಬೇಗ ಹೀರುತ್ತದೆ, ಅಷ್ಟೇ ಬೇಗ ಬಿಟ್ಟುಕೊಡುತ್ತದೆ. ಹೊಳೆಗಳು ಗಿಡ್ಡ, ಶಿರಿಯಾ, ಮೊಗ್ರಾಲ್, ಉಪ್ಪಳ ಎಲ್ಲವೂ ಬೆಟ್ಟದಿಂದ ಇಳಿದು ಕಡಲು ಸೇರಲು ಹೆಚ್ಚು ಹೊತ್ತು ಬೇಡ. ಇದನ್ನರಿತೇ ನಮ್ಮ ಹಿರಿಯರು ಗುಡ್ಡದ ಒಡಲಿಗೆ ಸುರಂಗ ತೋಡಿದರು, ತೋಡಿಗೆ ಅಡ್ಡವಾಗಿ ಕಟ್ಟ ಕಟ್ಟಿದರು.

ಕಟ್ಟವೆಂದರೆ ದೊಡ್ಡ ಅಣೆಕಟ್ಟೇನೂ ಅಲ್ಲ. ದಶಂಬರ ಯಾ ಜನವರಿಯಲ್ಲಿ ತೋಡಿನ ಹರಿವು ತಗ್ಗಿದಾಗ ಎರಡು ಸಾಲು ಕಲ್ಲು ಪೇರಿಸಿ, ನಡುವೆ ಅಂಟು ಮಣ್ಣನ್ನು ಪದರ ಪದರವಾಗಿ ತುಳಿದು ಕೂರಿಸುವುದು. ಒಂದು ಕಟ್ಟದ ಹಿನ್ನೀರು ಮೇಲಿನ ಕಟ್ಟದ ಬುಡದ ತನಕ ನಿಲ್ಲುವಂತೆ ಸಾಲಾಗಿ ಕಟ್ಟಿದರೆ ತೋಡೇ ಕೆರೆಯಾಗುತ್ತದೆ. ನಿಂತ ನೀರು ಇಕ್ಕೆಲಗಳ ಮಣ್ಣಿಗೆ ಇಂಗಿ, ಕಟ್ಟವನ್ನು ನೋಡಿಯೇ ಇರದವನ ಬಾವಿಯಲ್ಲೂ ಏರುತ್ತದೆ. ಏತಡ್ಕದ ಕಟ್ಟಗಳು ಇದಕ್ಕೆ ಹೆಸರಾದವು. ಮಳೆಗಾಲದ ಮೊದಲ ನೆರೆಗೆ ಕಟ್ಟ ಹೋಗುತ್ತದೆ, ಹೋಗಲೆಂದೇ ಕಟ್ಟಿದ್ದು.

ಇಂದು ಎಷ್ಟೋ ತೋಡುಗಳಲ್ಲಿ ಈ ಕೆಲಸ ನಿಂತಿದೆ. ಆಳು ಸಿಗುವುದಿಲ್ಲ, ಮಕ್ಕಳು ಗಲ್ಫಿನಲ್ಲಿ ಇಲ್ಲವೇ ಬೆಂಗಳೂರಿನಲ್ಲಿ ಎಂಬ ಕಾರಣಗಳು ಸುಳ್ಳಲ್ಲ. ಆದರೆ ನಮ್ಮ ದೃಷ್ಟಿಯಲ್ಲಿ ಕೊರತೆ ಆಳಿನದ್ದಕ್ಕಿಂತ ಹೆಚ್ಚಾಗಿ ಒಮ್ಮತದ್ದು. ಕಟ್ಟಕ್ಕೆ ಹತ್ತು ಮನೆಯವರು ಕೂಡಬೇಕು. ಕೊಳವೆ ಬಾವಿಗೆ ಒಬ್ಬನ ಸಾಲ ಸಾಕು. ಒಬ್ಬ ಕೊರೆಸಿದನೆಂದು ಪಕ್ಕದವನು ಇನ್ನೂ ನೂರಡಿ ಆಳಕ್ಕೆ ಹೋಗುತ್ತಾನೆ. ಕೊರೆಸಿದವನನ್ನು ಜರೆಯುವುದು ಸುಲಭ. ತೋಟ ಕಣ್ಣೆದುರು ಬಾಡುತ್ತಿರುವಾಗ ಏಪ್ರಿಲ್ ತಿಂಗಳಲ್ಲಿ ಅವನಿಗೆ ಬೇರೆ ದಾರಿ ಯಾವುದಿತ್ತು? ದಾರಿ ಇದ್ದದ್ದು ದಶಂಬರದಲ್ಲಿ.

ಸರಕಾರ ಕಿಂಡಿ ಅಣೆಕಟ್ಟುಗಳನ್ನು ಕಟ್ಟಿಸಿದೆ, ನಿಜ. ಆದರೆ ಹಲಗೆ ಇಳಿಸದ ಕಿಂಡಿ ಅಣೆಕಟ್ಟಿನಿಂದ ಕಾಲ್ದಾರಿಯ ಉಪಯೋಗವೊಂದೇ. ಮಳೆ ಬಿಡುತ್ತಲೇ ಇಳಿಸಬೇಕಾದ ಹಲಗೆಗಳು ಜನವರಿಯಲ್ಲಿ ಬರುವುದು, ಬಂದವುಗಳಲ್ಲಿ ಕೆಲವು ಗೆದ್ದಲು ತಿಂದಿರುವುದು, ಇಳಿಸುವ ಜವಾಬ್ದಾರಿ ಯಾರದ್ದೆಂಬ ಚರ್ಚೆ ಮುಗಿಯುವುದರೊಳಗೆ ತೋಡು ಬತ್ತುವುದು ಹಲವು ಕಡೆಗಳ ಅನುಭವ. ಭಾಷೆಯ ತೊಡಕು ಬೇರೆ. ಭಾಷಾ ಅಲ್ಪಸಂಖ್ಯಾತರ ಪ್ರದೇಶವಾದ ಈ ತಾಲೂಕಿನಲ್ಲೂ ನೀರಾವರಿ ಸಹಾಯಧನದ ಅರ್ಜಿ ಮಲಯಾಳದಲ್ಲಿ ಮಾತ್ರ ಕೈಗೆ ಬಂದರೆ, ಕನ್ನಡದಲ್ಲಿ ಶಾಲೆ ಕಲಿತ ಹಿರಿಯ ಕೃಷಿಕ ಅದನ್ನು ಓದಿಸಲು ಯಾರ ಮನೆಗೆ ಹೋಗಬೇಕು? ಗಡುವಿನ ದಿನ ಕಳೆದ ಮೇಲೆ ಅರ್ಥ ತಿಳಿದು ಪ್ರಯೋಜನವಿಲ್ಲ.

ಅಕ್ಟೋಬರದಲ್ಲೇ ಪ್ರತಿ ವಾರ್ಡಿನ ಗ್ರಾಮಸಭೆಯಲ್ಲಿ ಯಾವ ತೋಡಿಗೆ ಎಲ್ಲೆಲ್ಲಿ ಕಟ್ಟ, ಯಾವ ಅಣೆಕಟ್ಟಿನ ಹಲಗೆಗೆ ಯಾರು ಹೊಣೆ, ಯಾವ ದಿನ ಇಳಿಸುವುದು ಎಂಬುದನ್ನು ಹೆಸರು ಸಹಿತ ಬರೆದಿಡಬೇಕು. ಉದ್ಯೋಗಖಾತ್ರಿಯ ಕೆಲಸಗಳ ಪಟ್ಟಿಗೆ ಇದು ಸೇರಲಿ. ಚರಂಡಿ ಬದಿಯ ಹುಲ್ಲು ಒಂದು ತಿಂಗಳು ಕಾದೀತು. ಆ ತೀರ್ಮಾನ ಕನ್ನಡದಲ್ಲೂ ಪಂಚಾಯತು ಕಚೇರಿಯ ಗೋಡೆಯ ಮೇಲೆ ಕಾಣಬೇಕು.

ಈ ಬೇಸಗೆಗೆ ಮಾಡಬಹುದಾದದ್ದು ಹೆಚ್ಚೇನೂ ಉಳಿದಿಲ್ಲ. ನೀರು ನಿಂತಿರುವ ಕಟ್ಟಗಳಲ್ಲಿ ಸೋರುವೆಡೆಗೆ ಮಣ್ಣು ಮೆತ್ತಿ ಪತ್ತನಾಜೆಯ ತನಕ ಉಳಿಸಿಕೊಳ್ಳಬಹುದು. ಮೊದಲ ನೆರೆ ಬರುವ ಮುಂಚೆ ಒಂದು ಬೆಳಿಗ್ಗೆ ನೆರೆಮನೆಯವರನ್ನು ಕರೆದು ಕಲ್ಲುಗಳನ್ನು ದಡಕ್ಕೆ ಎತ್ತಿಡಬಹುದು. ಅಣೆಕಟ್ಟಿನ ಹಲಗೆಗಳನ್ನು ಲೆಕ್ಕ ಮಾಡಿ, ಒರೆಸಿ, ಮಳೆ ತಾಗದ ಯಾವುದಾದರೊಂದು ಕೊಟ್ಟಿಗೆಯ ಅಟ್ಟಕ್ಕೆ ಸೇರಿಸಬಹುದು.